ಮೊದಲ ಮುಟ್ಟಿನವರೆಗೆ ಕಾಯುವುದೇಕೆ?

ಮಾನ್ಯ ಸಂಪಾದಕರೇ,

ಹದಿಹರೆಯದ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಾಗಲಿ, ಶಾಲೆಗಳಲ್ಲಿ ನಡೆಯುವ ತಿಳಿವಳಿಕೆ ಕಾರ್ಯಕ್ರಮಗಳಾಗಲಿ ಬಹುಮಟ್ಟಿಗೆ ಮುಟ್ಟಿನ ವಿಷಯದಿಂದಲೇ ಆರಂಭವಾಗಿ ಅಲ್ಲಿಗೇ ಮುಗಿಯುತ್ತವೆ. 2014ರಿಂದ ಪ್ರತಿವರ್ಷ ಮೇ 28ರಂದು ಮುಟ್ಟಿನ ನೈರ್ಮಲ್ಯದ ದಿನವನ್ನು ಜಗತ್ತಿನ ಹಲವು ದೇಶಗಳಲ್ಲಿ ಆಚರಿಸಲಾಗುತ್ತಿದೆ; ಒಂದು ಕಾಲಕ್ಕೆ ಮನೆಯೊಳಗೂ ಬಾಯಿಬಿಟ್ಟು ಹೇಳದಿದ್ದ ಸಂಗತಿಯ ಬಗ್ಗೆ ಇಂದು ವೇದಿಕೆಯ ಮೇಲೆ ಮಾತನಾಡುತ್ತಿದ್ದೇವೆ ಎಂಬುದು ಸಣ್ಣ ಮಾತೇನೂ ಅಲ್ಲ. ಆದರೂ ಶಾಲಾಮಕ್ಕಳಿಗೆ ಬಹುಕಾಲ ವಿಜ್ಞಾನ ಕಲಿಸಿದವಳಾಗಿ ನನಗೆ ಕಾಣುವ ಒಂದು ಕೊರತೆಯನ್ನು ತಮ್ಮ ಓದುಗರ, ವಿಶೇಷವಾಗಿ ಎಂಟರಿಂದ ಹತ್ತು ವರ್ಷದ ಹೆಣ್ಣುಮಕ್ಕಳಿರುವ ತಂದೆತಾಯಿಯರ, ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾವು ಮಾತು ತೆಗೆಯುವುದೇ ತಡವಾಗಿ. ಎಲ್ಲ ಬದಲಾವಣೆಯೂ ಮೊದಲ ಮುಟ್ಟಿನಿಂದ ಶುರುವಾಗುತ್ತದೆ ಎಂದು ಭಾವಿಸಿ ಅದಕ್ಕಾಗಿ ಕಾಯುತ್ತೇವೆ; ಅದು ಬರುವ ಹೊತ್ತಿಗೆ ಹುಡುಗಿಯ ದೇಹ ಬದಲಾಗತೊಡಗಿ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಗಳೇ ಕಳೆದಿರುತ್ತವೆ, ಮತ್ತು ಆ ಅವಧಿಯ ಗೊಂದಲವನ್ನು ಆಕೆ ಬಹುತೇಕ ಒಬ್ಬಳೇ ಅನುಭವಿಸಿರುತ್ತಾಳೆ.

ಹೆಣ್ಣುಮಕ್ಕಳಲ್ಲಿ ಪ್ರೌಢಾವಸ್ಥೆಯ ಮೊದಲ ಗುರುತು 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು, ಮೊದಮೊದಲು ಮುಖ್ಯವಾಗಿ ರಾತ್ರಿಯ ನಿದ್ದೆಯ ಹೊತ್ತಿನಲ್ಲಿ, ಸ್ರವಿಸತೊಡಗುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಚುರುಕಾಗಿ, ಅದು ಕಳಿಸುವ ಹಾರ್ಮೋನುಗಳಿಂದ ಅಂಡಾಶಯಗಳು ಎಚ್ಚೆತ್ತು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ತಯಾರಿಸುತ್ತವೆ. ಇದರಿಂದ ದೇಹದಲ್ಲಿ ಆಗುವ ಬದಲಾವಣೆಗಳು ಯಾವ ಕ್ರಮದಲ್ಲಿ ನಡೆಯುತ್ತವೆ ಎಂಬುದನ್ನು ಬ್ರಿಟನ್ನಿನ ಸಂಶೋಧಕರಾದ ವಿಲಿಯಂ ಮಾರ್ಷಲ್ ಮತ್ತು ಜೇಮ್ಸ್ ಟ್ಯಾನರ್ 1969ರಲ್ಲೇ ಹಂತಹಂತವಾಗಿ ವಿವರಿಸಿದ್ದಾರೆ. ವೈದ್ಯರು ಇಂದಿಗೂ ಅದೇ ಐದು ಹಂತಗಳನ್ನು ಬಳಸುತ್ತಾರೆ. ಆ ಕ್ರಮದಲ್ಲಿ ಮುಟ್ಟು ಬರುವುದು ಕೊನೆಯ ಹಂತಗಳ ಸಮೀಪದಲ್ಲಿ. ವೈದ್ಯರಿಗೆ ಅರ್ಧ ಶತಮಾನದಿಂದ ತಿಳಿದಿರುವ ಈ ಸರಳ ಸಂಗತಿ ಮನೆಗಳನ್ನು ಮಾತ್ರ ಇನ್ನೂ ತಲುಪಿಲ್ಲ.

ಹೆಚ್ಚಿನ ಹುಡುಗಿಯರಲ್ಲಿ ಎಲ್ಲಕ್ಕಿಂತ ಮೊದಲು ಆಗುವುದು ಸ್ತನದ ಬೆಳವಣಿಗೆ. ಮೊಲೆತೊಟ್ಟಿನ ಅಡಿಯಲ್ಲಿ ಸಣ್ಣ, ಗಟ್ಟಿಯಾದ ಒಂದು ಗಂಟು ಕೈಗೆ ಸಿಗುತ್ತದೆ. ಮುಟ್ಟಿದರೆ ನೋಯುತ್ತದೆ, ಬೋರಲು ಮಲಗಿದರೆ ನೋಯುತ್ತದೆ, ಓಡುವಾಗ ಬಟ್ಟೆ ಉಜ್ಜಿದರೂ ನೋಯುತ್ತದೆ. ಎಷ್ಟೋ ವೇಳೆ ಇದು ಒಂದೇ ಬದಿಯಲ್ಲಿ ಮೊದಲು ಕಾಣಿಸಿಕೊಂಡು, ಇನ್ನೊಂದು ಬದಿಯಲ್ಲಿ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ. ಒಂಬತ್ತು ವರ್ಷದ ಮಗುವೊಂದಕ್ಕೆ ಎದೆಯ ಒಂದೇ ಕಡೆ ನೋಯುವ ಗಂಟು ಸಿಕ್ಕಿದಾಗ ಅದು ಏನೆಂದು ತಿಳಿದುಕೊಳ್ಳಬೇಕು? ಕ್ಯಾನ್ಸರ್ ಎಂಬ ಪದವನ್ನು ಕೇಳಿ ಬಲ್ಲ ಮಕ್ಕಳಿಗೆ ಮೊದಲು ಬರುವ ಯೋಚನೆ ಅದೇ. ಕೆಲವರು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಬೆನ್ನು ಬಾಗಿಸಿ, ಚೀಲವನ್ನು ಎದೆಗೆ ಅವುಚಿಕೊಂಡು ನಡೆಯುತ್ತಾರೆ. ಓಟ, ಈಜು, ಆಟಗಳಿಂದ ನೆಪ ಹೇಳಿ ಹಿಂದೆ ಸರಿಯುತ್ತಾರೆ. ತಾಯಂದಿರೂ ಗಾಬರಿಯಾಗುವುದುಂಟು. ಸ್ತನದ ಆ ಮೊಗ್ಗನ್ನು ಗಡ್ಡೆಯೆಂದು ತಪ್ಪು ತಿಳಿದು ಶಸ್ತ್ರಚಿಕಿತ್ಸೆ ಮಾಡಿದರೆ ಮುಂದೆ ಆ ಬದಿಯ ಸ್ತನವೇ ಬೆಳೆಯದೆ ಹೋಗಬಹುದು ಎಂದು ವೈದ್ಯಶಾಸ್ತ್ರ ಎಚ್ಚರಿಸುತ್ತದೆ. 'ನಿನ್ನ ಎದೆ ಬೆಳೆಯಲು ಶುರುವಾಗುತ್ತದೆ, ಮೊದಲು ಒಂದು ಕಡೆ ಗಂಟಿನಂತೆ ಸಿಗಬಹುದು, ಸ್ವಲ್ಪ ನೋಯಬಹುದು, ಎರಡೂ ಕಡೆ ಸರಿಸಮ ಇರದಿದ್ದರೂ ಹೆದರಬೇಡ' ಎಂಬ ಒಂದು ಮಾತನ್ನು ಎಂಟನೆಯ ವರ್ಷದಲ್ಲೇ ಹೇಳಿಬಿಟ್ಟರೆ ಇಷ್ಟೆಲ್ಲ ಅಂಜಿಕೆಗೆ ಎಡೆಯೇ ಇರುವುದಿಲ್ಲ. ಆದರೆ ಕೆಂಪಾಗಿ ಬಿಸಿಯೇರಿದ್ದರೆ, ಕೀವು ಅಥವಾ ರಕ್ತ ಒಸರಿದರೆ ವೈದ್ಯರಿಗೆ ತೋರಿಸಬೇಕು ಎಂಬುದನ್ನೂ ಜೊತೆಗೇ ಹೇಳಬೇಕು.

ಇದೇ ಹೊತ್ತಿಗೆ, ಕೆಲವರಲ್ಲಿ ಇದಕ್ಕೂ ಮುಂಚೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಹಾರ್ಮೋನುಗಳಿಂದ ಕಂಕುಳಿನ ಬೆವರಿಗೆ ವಾಸನೆ ಬರುತ್ತದೆ, ಗುಪ್ತಾಂಗದ ಬಳಿಯಲ್ಲೂ ಕಂಕುಳಿನಲ್ಲೂ ಕೂದಲು ಮೂಡುತ್ತದೆ, ಚರ್ಮ ಎಣ್ಣೆಯೆಣ್ಣೆಯಾಗಿ ಮೊಡವೆಗಳು ಏಳುತ್ತವೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ; ದಿನವೂ ಸ್ನಾನ, ಒಗೆದ ಒಳಉಡುಪು, ಮೊಡವೆಯನ್ನು ಹಿಚುಕದಿರುವುದು, ಇಷ್ಟನ್ನು ಗದರದೆ ಹೇಳಿಕೊಟ್ಟರೆ ಮಕ್ಕಳು ಬೇಗ ಕಲಿಯುತ್ತಾರೆ.

ಎತ್ತರ ಮತ್ತು ತೂಕದ ವಿಷಯ ಹಾಗಲ್ಲ. ಅಲ್ಲಿ ಹಿರಿಯರಾದ ನಮ್ಮ ನಾಲಿಗೆಗೇ ಸ್ವಲ್ಪ ಶಿಕ್ಷಣ ಬೇಕಾಗಿದೆ. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು ಮುಟ್ಟು ಆರಂಭವಾಗುವ ಮೊದಲು, ಸುಮಾರು ಹನ್ನೊಂದು ಹನ್ನೆರಡರ ಹರೆಯದಲ್ಲಿ. ಆ ಒಂದು ವರ್ಷದಲ್ಲಿ ಎಂಟು ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಮುಟ್ಟು ಬಂದ ಮೇಲೆ ಬೆಳವಣಿಗೆ ನಿಧಾನವಾಗಿ, ಸರಾಸರಿ ಇನ್ನೊಂದು ಐದಾರು ಸೆಂಟಿಮೀಟರ್ ಸೇರಿ ನಿಲ್ಲುತ್ತದೆ. ಗಂಡುಹುಡುಗರಲ್ಲಿ ಈ ವೇಗ ಸುಮಾರು ಎರಡು ವರ್ಷ ತಡವಾಗಿ ಬರುವುದರಿಂದ ಐದಾರನೆಯ ತರಗತಿಯ ಸಾಲಿನಲ್ಲಿ ಹುಡುಗಿಯರೇ ಎತ್ತರವಾಗಿ ಕಾಣುತ್ತಾರೆ. ಅದರ ಜೊತೆಗೆ ಸೊಂಟ ಅಗಲವಾಗುತ್ತದೆ, ತೊಡೆ ತುಂಬಿಕೊಳ್ಳುತ್ತದೆ, ಮೈಯಲ್ಲಿ ಕೊಬ್ಬಿನ ಪಾಲು ಏರುತ್ತದೆ, ತೂಕ ಹೆಚ್ಚುತ್ತದೆ. ಮುಟ್ಟಿನ ಚಕ್ರ ಸರಿಯಾಗಿ ನಡೆಯಲು ದೇಹಕ್ಕೆ ಇಷ್ಟು ಕೊಬ್ಬು ಬೇಕೇ ಬೇಕು. ಇದನ್ನು ಅರಿಯದ ನಾವು 'ಎಷ್ಟು ದಪ್ಪಗಾಗಿದ್ದೀಯೆ', 'ಇಷ್ಟುದ್ದ ಬೆಳೆದರೆ ಹೇಗೆ' ಎಂದು ನಾಲ್ಕು ಜನರ ನಡುವೆ ಆಡುವ ಮಾತನ್ನು ಮಗು ನಕ್ಕು ಮರೆಯುವುದಿಲ್ಲ. ಮೂಳೆಗಳು ಗಟ್ಟಿಗೊಳ್ಳುವ, ಕಬ್ಬಿಣದಂಶ ಮೊದಲಿಗಿಂತ ಹೆಚ್ಚು ಬೇಕಾಗುವ ಕಾಲದಲ್ಲೇ ಊಟ ಬಿಡುವ ಅಭ್ಯಾಸಕ್ಕೆ ಬಿದ್ದ ಹುಡುಗಿಯರನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ; ಅವರಲ್ಲಿ ಹಲವರಿಗೆ ಆ ಯೋಚನೆ ಬಂದದ್ದು ಮನೆಯವರ ತಮಾಷೆಯಿಂದಲೇ.

ಇನ್ನು, ಬಹುಶಃ ಅತ್ಯಂತ ಕಡಿಮೆ ಮಾತನಾಡುವ ಸಂಗತಿಯೆಂದರೆ ಬಿಳಿ ಸೆರಗು. ಮೊದಲ ಮುಟ್ಟಿಗೆ ಆರು ತಿಂಗಳಿನಿಂದ ಒಂದು ವರ್ಷ ಮುಂಚೆ ಯೋನಿಯಿಂದ ತಿಳಿಯಾದ ಅಥವಾ ಬೆಳ್ಳಗಿನ ದ್ರವ ಆಗಾಗ ಒಸರುವುದು ಸಹಜ. ಈಸ್ಟ್ರೋಜನ್ ತನ್ನ ಕೆಲಸ ಮಾಡುತ್ತಿದೆ, ಮುಟ್ಟು ಹತ್ತಿರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮುನ್ಸೂಚನೆ ಇಲ್ಲ. ಹೇಳಿಕೊಡದ ಮಗು ತನಗೇನೋ ರೋಗ ಬಂದಿದೆಯೆಂದೋ, ತಾನೇನೋ ತಪ್ಪು ಮಾಡಿರಬೇಕೆಂದೋ ನಂಬಿ, ಒಳಉಡುಪನ್ನು ಬಚ್ಚಿಟ್ಟು ತೊಳೆಯುತ್ತದೆ. ಹಿರಿಯ ಹೆಂಗಸರಲ್ಲೂ ಇದರಿಂದ 'ಶಕ್ತಿಯೆಲ್ಲ ಹರಿದುಹೋಗುತ್ತದೆ' ಎಂಬ ನಂಬಿಕೆ ಇದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಕೆಟ್ಟ ವಾಸನೆ, ತುರಿಕೆ, ಉರಿ, ಹಸಿರು ಬಣ್ಣ ಇದ್ದರೆ ಮಾತ್ರ ಅದು ಸೋಂಕಿನ ಲಕ್ಷಣವಾಗಿರಬಹುದು, ಆಗ ಚಿಕಿತ್ಸೆ ಬೇಕು. ತಾಯಿ ಇದನ್ನು ಗಮನಿಸಿದ ದಿನವೇ ಮಗಳ ಶಾಲಾಚೀಲದ ಒಳಜೇಬಿನಲ್ಲಿ ಒಂದೆರಡು ಪ್ಯಾಡ್ ಮತ್ತು ಒಂದು ಒಳಉಡುಪು ಇಟ್ಟು, ಪ್ಯಾಡ್ ಹೇಗೆ ಹಾಕಿಕೊಳ್ಳಬೇಕೆಂದು ಒಮ್ಮೆ ತೋರಿಸಿಬಿಟ್ಟರೆ ಸಾಕು. ಮೊದಲ ಮುಟ್ಟು ತರಗತಿಯ ನಡುವೆ ಬಂದರೂ ಮಗು ಕಂಗಾಲಾಗುವುದಿಲ್ಲ.

ಮುಟ್ಟಿನ ಬಗ್ಗೆ ಈಗ ಸಾಕಷ್ಟು ಹೇಳಲಾಗುತ್ತಿದೆ ಎಂದೆ. ಆದರೆ ಹೇಳುವುದರಲ್ಲಿಯೂ ಒಂದು ಲೋಪವಿದೆ. '28 ದಿನಕ್ಕೊಮ್ಮೆ ಬರುತ್ತದೆ' ಎಂದು ಪಾಠ ಮಾಡಿ ಕಳಿಸಿದ ಹುಡುಗಿಗೆ ಮೊದಲ ಮುಟ್ಟು ಬಂದು ಎರಡು ತಿಂಗಳಾದರೂ ಎರಡನೆಯದು ಬರದಿದ್ದರೆ ಏನಾಗಬೇಡ? ಮೊದಲ ಎರಡು ಮೂರು ವರ್ಷಗಳಲ್ಲಿ ಪ್ರತಿ ಚಕ್ರದಲ್ಲೂ ಅಂಡ ಬಿಡುಗಡೆಯಾಗುವುದಿಲ್ಲ. ಆದ್ದರಿಂದ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 21ರಿಂದ 45 ದಿನಗಳ ಅಂತರ ಇರುವುದು ಆ ವಯಸ್ಸಿಗೆ ಸಹಜವೆಂದೇ ಲೆಕ್ಕ, ಮತ್ತು ಆರಂಭದ ಕೆಲವು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಏರುಪೇರಾಗುವುದೂ ಉಂಟು. ಸ್ರಾವ ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಕಣ್ಣಿಗೆ ಎಷ್ಟೇ ಹೆಚ್ಚಾಗಿ ಕಂಡರೂ ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. ಈ ಒಂದು ಅಂಕಿಯನ್ನು ಹೇಳಿದಾಗ ತರಗತಿಯ ಹುಡುಗಿಯರ ಮುಖದಲ್ಲಿ ಕಾಣುತ್ತಿದ್ದ ನಿರಾಳವನ್ನು ಬೇರೆ ಯಾವ ಪಾಠದಲ್ಲೂ ನಾನು ಕಂಡದ್ದಿಲ್ಲ.

ಸಹಜವಾದದ್ದನ್ನು ಸಹಜವೆಂದು ಹೇಳುವಷ್ಟೇ ಅಗತ್ಯ ಅಸಹಜವಾದದ್ದನ್ನು ಗುರುತಿಸಲು ಕಲಿಸುವುದು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆ 2015ರ ತನ್ನ ಸಲಹೆಯಲ್ಲಿ, ಹದಿಹರೆಯದವರ ಆರೋಗ್ಯ ತಪಾಸಣೆಯಲ್ಲಿ ನಾಡಿ, ರಕ್ತದೊತ್ತಡಗಳನ್ನು ನೋಡುವಂತೆಯೇ ಮುಟ್ಟಿನ ಚಕ್ರವನ್ನೂ ವಿಚಾರಿಸಬೇಕು ಎಂದು ವೈದ್ಯರಿಗೆ ಹೇಳಿದೆ. ಪ್ಯಾಡ್ ಗಂಟೆಗೊಂದರಂತೆ ತೊಯ್ದುಹೋಗುತ್ತಿದ್ದರೆ, ಸ್ರಾವ ಏಳು ದಿನ ದಾಟಿದರೆ, ಎರಡು ಮುಟ್ಟುಗಳ ನಡುವೆ ಮೂರು ತಿಂಗಳಿಗಿಂತ ಹೆಚ್ಚು ಅಂತರವಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಮೊದಲ ಮುಟ್ಟಿನಿಂದಲೇ ವಿಪರೀತ ಸ್ರಾವವಾಗುವ ಕೆಲವು ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಹುಟ್ಟು ದೋಷ ಮೊತ್ತಮೊದಲ ಬಾರಿಗೆ ಪತ್ತೆಯಾಗುವುದೂ ಹೀಗೆಯೇ. ನೋವಿನ ವಿಷಯದಲ್ಲಂತೂ ನಮ್ಮ ಧೋರಣೆ ಬದಲಾಗಲೇಬೇಕು. ಗರ್ಭಕೋಶ ಸಂಕುಚಿಸುವಂತೆ ಮಾಡುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳಿಂದ ಕಿಬ್ಬೊಟ್ಟೆ ನೋಯುವುದು ನಿಜ. ಬಿಸಿನೀರಿನ ಶಾಖ, ನಡಿಗೆ, ವೈದ್ಯರು ಸೂಚಿಸಿದ ನೋವಿನ ಮಾತ್ರೆಯಿಂದ ಅದು ಸಾಮಾನ್ಯವಾಗಿ ಶಮನವಾಗುತ್ತದೆ. ಪ್ರತಿ ತಿಂಗಳೂ ಶಾಲೆ ತಪ್ಪುವಷ್ಟು, ವಾಂತಿಯಾಗುವಷ್ಟು, ಮಾತ್ರೆಗೂ ಜಗ್ಗದಷ್ಟು ನೋವಿದ್ದರೆ 'ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಬೇಕು' ಎಂಬ ಮಾತು ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುತ್ತದೆ. ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಂತಹ ಕಾಯಿಲೆ ಎಷ್ಟೋ ವರ್ಷ ತಡವಾಗಿ ಪತ್ತೆಯಾಗುವುದಕ್ಕೆ ಈ ಸಹನೆಯ ಪಾಠವೂ ಒಂದು ಕಾರಣ ಎಂದೇ ನನ್ನ ಅಭಿಪ್ರಾಯ.

ಇದನ್ನೆಲ್ಲ ಮಗು ಬಾಯಿಬಿಟ್ಟು ಹೇಳಬೇಕಾದರೆ ಅದಕ್ಕೆ ಅಂಗಗಳ ಹೆಸರು ಗೊತ್ತಿರಬೇಕು. ಮೂತ್ರ ಬರುವ ದ್ವಾರ, ಯೋನಿದ್ವಾರ, ಗುದದ್ವಾರ, ಇವು ಮೂರು ಬೇರೆಬೇರೆ ಎಂಬುದು ತಿಳಿಯದೆ ಮದುವೆಯ ವಯಸ್ಸಿಗೆ ಬಂದವರಿದ್ದಾರೆ. ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಒಳಗೆ ಸೋಪು ಹಾಕಿ ತೊಳೆಯಬಾರದು, ಹೊರಭಾಗಕ್ಕೆ ನೀರು ಸಾಕು, ತೊಳೆಯುವುದೂ ಒರೆಸುವುದೂ ಮುಂದಿನಿಂದ ಹಿಂದಕ್ಕೆ, ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು ಎಂಬ ಮಾತುಗಳನ್ನು ಹೆಸರುಗಳಿಲ್ಲದೆ 'ಅಲ್ಲಿ', 'ಕೆಳಗೆ' ಎಂದು ಕಣ್ಸನ್ನೆಯಲ್ಲಿ ಕಲಿಸಲಾಗದು. ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಅದನ್ನು ಸ್ಪಷ್ಟವಾಗಿ ಹೇಳಲು ಮಗುವಿಗೆ ಬೇಕಾಗುವುದೂ ಇದೇ ಹೆಸರುಗಳು.

ಬೇಗ ಬೆಳೆಯುವ ಹುಡುಗಿಯರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ಹುಡುಗಿಯರಿಗೆ ಮೊದಲ ಮುಟ್ಟು ಬರುತ್ತಿದ್ದುದು ಹದಿನಾರರ ಆಸುಪಾಸಿನಲ್ಲಿ. ಪೌಷ್ಟಿಕ ಆಹಾರ ಮತ್ತು ಆರೋಗ್ಯ ಸುಧಾರಿಸಿದಂತೆ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಅದು ಹದಿಮೂರರ ಹತ್ತಿರಕ್ಕೆ ಬಂದಿತು. ಸ್ತನದ ಬೆಳವಣಿಗೆ ಆರಂಭವಾಗುವ ವಯಸ್ಸು 1977ರಿಂದ 2013ರವರೆಗೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಮೂರು ತಿಂಗಳಿನಷ್ಟು ಹಿಂದೆ ಸರಿದಿದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಡೆನ್ಮಾರ್ಕಿನ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ. ಹಾಗಾಗಿ 'ನಮ್ಮ ಕಾಲದಲ್ಲಿ ಏಳನೆಯ ತರಗತಿಯಲ್ಲಿ ಹೇಳುತ್ತಿದ್ದರು' ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಒಂಬತ್ತರಲ್ಲೇ ಮೈ ತುಂಬಿಕೊಂಡ ಹುಡುಗಿಯ ಮನಸ್ಸು ಒಂಬತ್ತರದ್ದೇ ಆಗಿರುತ್ತದೆ. ಆಕೆಗೆ ಇನ್ನೂ ಗೊಂಬೆ ಬೇಕು, ಕುಂಟೆಬಿಲ್ಲೆ ಬೇಕು, ಅಪ್ಪನ ಹೆಗಲು ಬೇಕು. ಹಿರಿಯರೋ ಆಕೆಯ ಮೈ ನೋಡಿ ವಯಸ್ಸು ಕಟ್ಟುತ್ತಾರೆ, ಹದಿನಾಲ್ಕರವಳಂತೆ ನಡೆದುಕೊಳ್ಳಬೇಕೆಂದು ಬಯಸುತ್ತಾರೆ, ಓಡಬೇಡ, ಜೋರಾಗಿ ನಗಬೇಡ ಎನ್ನುತ್ತಾರೆ. ದಾರಿಯಲ್ಲಿ ಅಪರಿಚಿತರ ನೋಟವನ್ನೂ ಆಕೆ ಗೆಳತಿಯರಿಗಿಂತ ಮೊದಲೇ ಎದುರಿಸಬೇಕಾಗುತ್ತದೆ. ಓರಗೆಯವರಿಗಿಂತ ಬೇಗ ಬೆಳೆದ ಹುಡುಗಿಯರಲ್ಲಿ ಖಿನ್ನತೆ, ಆತಂಕ, ತನ್ನ ದೇಹದ ಬಗ್ಗೆ ಅಸಮಾಧಾನ ಹೆಚ್ಚು ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ, ಅದರಲ್ಲಿ ಅಚ್ಚರಿಯೇನೂ ಇಲ್ಲ. ಎಂಟು ವರ್ಷ ತುಂಬುವ ಮೊದಲೇ ಸ್ತನದ ಬೆಳವಣಿಗೆ ಕಂಡರೆ ಮಕ್ಕಳ ತಜ್ಞರನ್ನು ಕಾಣಬೇಕು. ಅಕಾಲದಲ್ಲಿ ಶುರುವಾದ ಪ್ರೌಢಾವಸ್ಥೆಯನ್ನು ಅಗತ್ಯವಿದ್ದರೆ ತಡೆಹಿಡಿಯುವ ಔಷಧಗಳಿವೆ. ಹಾಗೆಯೇ ಹದಿಮೂರು ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ, ಹದಿನೈದಾದರೂ ಅಥವಾ ಸ್ತನ ಬೆಳೆಯತೊಡಗಿ ಮೂರು ವರ್ಷವಾದರೂ ಮುಟ್ಟು ಬರದಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈ ಎರಡು ತುದಿಗಳ ನಡುವೆ ಯಾವ ಹುಡುಗಿ ಯಾವಾಗ ಬೆಳೆದರೂ ಅದು ಆಕೆಯ ಪಾಲಿನ ಸರಿಯಾದ ಕಾಲ. ಅಕ್ಕತಂಗಿಯರಲ್ಲೇ ವರ್ಷಗಳ ಅಂತರ ಇರುವುದುಂಟು.

ಇಷ್ಟು ಬೇಗ ಇದನ್ನೆಲ್ಲ ಹೇಳಿದರೆ ಮಕ್ಕಳು ಹಾಳಾಗುತ್ತಾರೆ ಎಂಬ ಆಕ್ಷೇಪವನ್ನು ಪೋಷಕರ ಸಭೆಗಳಲ್ಲಿ ನಾನು ಕೇಳಿದ್ದೇನೆ. ಆ ಆತಂಕ ಪ್ರೀತಿಯಿಂದಲೇ ಬಂದದ್ದು, ಅದನ್ನು ಗೇಲಿ ಮಾಡಲಾರೆ. ಆದರೆ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗಸೂಚಿ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ವಯಸ್ಸಿಗೆ ತಕ್ಕಂತೆ ದೇಹ ಮತ್ತು ಲೈಂಗಿಕತೆಯ ಬಗ್ಗೆ ಕಲಿಸುವುದರಿಂದ ಮಕ್ಕಳು ಬೇಗನೆ ದಾರಿತಪ್ಪುವುದಿಲ್ಲ ಎಂಬುದನ್ನೇ ಹೇಳುತ್ತದೆ. ಮೇಲಾಗಿ, ಒಂಬತ್ತು ವರ್ಷದ ಮಗುವಿಗೆ ಸ್ತನದ ಗಂಟಿನ ಬಗ್ಗೆ, ಬಿಳಿ ಸೆರಗಿನ ಬಗ್ಗೆ ಹೇಳುವಾಗ ಗಂಡುಹೆಣ್ಣಿನ ಸಂಬಂಧದ ಮಾತೇ ಬರಬೇಕಾಗಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದನ್ನು ಹೇಳಿದಷ್ಟೇ ನೇರವಾಗಿ ಇದನ್ನೂ ಹೇಳಬಹುದು. ನಾವು ಹೇಳದೆ ಬಿಟ್ಟದ್ದನ್ನು ಮಗು ಕೈಗೆ ಸಿಕ್ಕ ಮೊಬೈಲಿನಲ್ಲಿ ಹುಡುಕುತ್ತದೆ, ಮತ್ತು ಅಲ್ಲಿ ಸಿಗುವುದು ಯಾವ ವಯಸ್ಸಿಗೂ ತಕ್ಕದ್ದಾಗಿರುವುದಿಲ್ಲ.

ಹೇಳುವ ಬಗೆಗೆ ಬಂದರೆ, ಮಗಳನ್ನು ಎದುರಿಗೆ ಕೂರಿಸಿಕೊಂಡು ಬಾಗಿಲು ಹಾಕಿ ಒಂದೇ ದಿನ ಎಲ್ಲವನ್ನೂ ಹೇಳಿ ಮುಗಿಸುವುದು ಇಬ್ಬರಿಗೂ ಹಿಂಸೆ. ಬಟ್ಟೆ ಮಡಿಸುವಾಗ, ತಲೆ ಬಾಚುವಾಗ, ಜೊತೆಯಲ್ಲಿ ನಡೆಯುವಾಗ ತುಸುತುಸುವೇ ಆಡಿದ ಮಾತು ಮಗುವಿನ ಮನಸ್ಸಿಗೆ ಹೆಚ್ಚು ಇಳಿಯುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಕೇಳಲಾಗದ ಪ್ರಶ್ನೆಗಳು ಅಂಥ ಹೊತ್ತಿನಲ್ಲಿ ತಾವಾಗಿಯೇ ಹೊರಬರುತ್ತವೆ. ಉತ್ತರ ಗೊತ್ತಿಲ್ಲದಿದ್ದರೆ ಕೇಳಿ ತಿಳಿದು ಹೇಳುತ್ತೇನೆ ಎಂದರಾಯಿತು. ಇದು ತಾಯಿಯ ಕೆಲಸ ಮಾತ್ರ ಎಂದು ತಂದೆ ಎದ್ದುಹೋಗುವ ರೂಢಿಯನ್ನೂ ಬಿಡಬೇಕು. ತಾಯಿ ಇಲ್ಲದ ಮನೆಗಳಿವೆ, ತಾಯಿ ದೂರದಲ್ಲಿ ದುಡಿಯುವ ಮನೆಗಳಿವೆ. ಹಾಗಿಲ್ಲದ ಮನೆಗಳಲ್ಲೂ ಮಗಳು ದೊಡ್ಡವಳಾಗುತ್ತಿದ್ದಂತೆ ತಂದೆ ಇದ್ದಕ್ಕಿದ್ದಂತೆ ದೂರ ಸರಿದರೆ ಆ ದೂರಕ್ಕೆ ತನ್ನ ಮೈಯೇ ಕಾರಣವೆಂದು ಮಗು ಅರ್ಥಮಾಡಿಕೊಳ್ಳುತ್ತದೆ. ಮುಟ್ಟಿನ ಪಾಠದ ದಿನ ಹುಡುಗರನ್ನು ಆಟದ ಮೈದಾನಕ್ಕೆ ಕಳಿಸುವುದೂ ನನಗೆ ಸರಿಕಾಣುವುದಿಲ್ಲ. ತಿಳಿಯದವನೇ ಬೆನ್ನ ಹಿಂದೆ ನಗುವವನು. ಬುದ್ಧಿಮಾಂದ್ಯತೆ ಇರುವ, ಕಣ್ಣು ಕಾಣದ, ಕಿವಿ ಕೇಳದ ಹೆಣ್ಣುಮಕ್ಕಳ ದೇಹವೂ ಇದೇ ವಯಸ್ಸಿನಲ್ಲಿ ಬದಲಾಗುತ್ತದೆ. ಅವರಿಗೆ ಇನ್ನೂ ಬೇಗ, ಇನ್ನೂ ನಿಧಾನವಾಗಿ, ಪ್ಯಾಡನ್ನು ಕೈಗೆ ಕೊಟ್ಟು ಮುಟ್ಟಿಸಿ, ಚಿತ್ರ ತೋರಿಸಿ, ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಎಂಟರಿಂದ ಹನ್ನೆರಡು ವರ್ಷದ ಹುಡುಗಿಯರು ತಮ್ಮ ದೇಹದ ಬಗ್ಗೆ ಹೆಸರಿಲ್ಲದೆ ಬರೆದು ಕೇಳಬಹುದಾದ, ಮಕ್ಕಳ ತಜ್ಞರೋ ಸ್ತ್ರೀರೋಗ ತಜ್ಞರೋ ಉತ್ತರಿಸುವ ಒಂದು ಸಣ್ಣ ಅಂಕಣವನ್ನು ತಿಂಗಳಿಗೊಮ್ಮೆಯಾದರೂ ತಾವು ಪ್ರಕಟಿಸಬೇಕು. ಉತ್ತರಗಳು ಅಮ್ಮಂದಿರಿಗೆ ಹೇಳುವ ಉಪದೇಶವಾಗದೆ, ಒಂಬತ್ತು ವರ್ಷದ ಮಗು ಯಾರ ನೆರವೂ ಇಲ್ಲದೆ ಓದಿ ತಿಳಿಯುವಷ್ಟು ಸರಳವಾಗಿರಬೇಕು. ಅಂಗಗಳ ಹೆಸರು ಬರೆದ ಒಂದು ಸ್ಪಷ್ಟ ರೇಖಾಚಿತ್ರವೂ ಇದ್ದರೆ ಚೆನ್ನ. ಅಂಕಣವನ್ನು ಮಹಿಳಾ ಪುರವಣಿಯಲ್ಲಿ ಇರಿಸಬೇಡಿ. ಆ ವಯಸ್ಸಿನ ಮಕ್ಕಳು ಅದನ್ನು ತೆರೆಯುವುದಿಲ್ಲ. ಚಿತ್ರಕಥೆ, ಪದಬಂಧಗಳು ಬರುವ ಮಕ್ಕಳ ಪುಟದಲ್ಲೇ ಅದಕ್ಕೆ ಜಾಗ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ